ಎರಡು ಗಂಟಿನ ತಂತಿ

ಬಿಡಾರ
ಅಕ್ಟೋಬರ್ ೪

ಗಂಟಪ್ಪನವರಿಗೆ,

ಮೊದಲೇ ಹೇಳಿಬಿಡುತ್ತೇನೆ. ಈ ಕಾಗದವನ್ನು ಅತ್ತೆಗೆ ಓದಿ ಹೇಳುವಾಗ ‘ನೀನು’ ಎಂದಿರುವಲ್ಲೆಲ್ಲ ‘ನೀವು’ ಎಂದು ಓದಿಕೋ. ಮನೆಯಲ್ಲಿ ಅವರೆದುರು ‘ರೀ’ ಅನ್ನುತ್ತಿದ್ದ ಸೊಸೆ ಊರು ಬಿಟ್ಟ ಕೂಡಲೇ ಕೆಟ್ಟುಹೋದಳು ಅಂದುಕೊಳ್ಳುವುದು ಬೇಡ.

ನಮ್ಮ ಫ್ಯೂಸ್ ಹೇಗಿದ್ದಾಳೆ? ನೋಡೋಕೆ ಇಷ್ಟೇ ಇಷ್ಟು, ಸ್ವಲ್ಪ ಹೆಚ್ಚುಕಮ್ಮಿಯಾದರೆ ಢಮಾರ್ ಅಂತಾಳೆ ಎಂದು ಮಗಳಿಗೆ ನೀನಿಟ್ಟ ಹೆಸರು ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ನಿದ್ದೆಯಲ್ಲಿ ಆ ಹೆಸರು ಹಿಡಿದು ಕನವರಿಸಿದೆನಂತೆ. ಡ್ರೈವರಮ್ಮನಿಗೆ ಜೀಪಿನ ಮೇಲೆ ಎಷ್ಟು ಕಾಳಜಿ ನೋಡಿ ಎಂದು ಅಡುಗೆಯವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಈಗ ಕಷ್ಟಕ್ಕೆ ಬರುತ್ತೇನೆ. ಜೀಪಿನ ಹಿಂದೆ ಇಟ್ಟಿರುವ ಫ್ರಿಜ್ಜಿಗೆ ಎರಡು ಖಾನೆ. ಒಂದರಲ್ಲಿ ಹಗಲು ಬಾವಿಗಳಿಂದ ತುಂಬಿಕೊಂಡ ನೀರಿನ ಶೀಷೆಗಳು ಇರುತ್ತವೆ. ಸಂಜೆ ಅವು ಪರೀಕ್ಷೆಯ ಡೇರೆಗೆ ಹೋಗುತ್ತವೆ. ಇನ್ನೊಂದು ಹೆಪ್ಪುಗಟ್ಟಿಸುವ ಖಾನೆ, ಅದನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ನಾನು ಮಗುವಿಗೆಂದು ಹಿಂಡಿಟ್ಟ ಹಾಲಿನ ಬಾಟಲಿಗಳು ಅಲ್ಲಿವೆ. ಆದರೆ ರಾತ್ರಿ ಎಂಜಿನ್ ಆರಿಸಿದ ಮೇಲೂ ಫ್ರಿಜ್ಜು ಜೀಪಿನ ಬ್ಯಾಟರಿಯನ್ನೇ ಹೀರುತ್ತಾ ಕೂತಿರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಟಿಕ್, ಅಷ್ಟೇ. ದೊಡ್ಡ ದೊಡ್ಡ ಓದು ಓದಿದವರೆಲ್ಲ ಪ್ಯಾಂಟು ಮಡಚಿ ಜೀಪು ತಳ್ಳಿದರು. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ, “ನೋಡಮ್ಮ, ನಾವು ನೀರು ಪರೀಕ್ಷೆ ಮಾಡೋಕೆ ಬಂದಿರೋದು, ಜೀಪ್ ತಳ್ಳೋಕಲ್ಲ. ಇನ್ಮೇಲೆ ರಾತ್ರಿ ಫ್ರಿಜ್ ಆಫ್” ಅಂದರು. ಅವರದೂ ತಪ್ಪಲ್ಲ. ಆದರೆ ರಾತ್ರಿ ಆರಿಸಿದರೆ ಬೆಳಗಾಗುವಷ್ಟರಲ್ಲಿ ನನ್ನ ಬಾಟಲಿಗಳು ಬೆವರುತ್ತಿರುತ್ತವೆ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಗೊತ್ತಲ್ಲ. ಸಾಮಾನು ಲಾರಿಯ ದೊಡ್ಡಣ್ಣನೇ ಅಂಚೆ, ಅವನೇ ತಂತಿ ಇಲಾಖೆ. ಅವನ ಕೈಯಲ್ಲಿ ಬಾಟಲಿಗಳನ್ನು ಜೋಡಿಸಿ ಮೊದಲ ಥರ್ಮೊಕೋಲ್ ಪೆಟ್ಟಿಗೆ ಕಳಿಸಿದ್ದೇನೆ. ವಾಸನೆ ನೋಡು. ಅನುಮಾನ ಬಂದರೆ ಚೆಲ್ಲು. ಅನುಮಾನ ಬರದಿರಲಿ.

ಈ ಸಲ ಬರದಿದ್ದರೆ ಡ್ರೈವರ್ ಕೆಲಸ ಬೇರೆಯವರ ಪಾಲಾಗುತ್ತಿತ್ತು. ನಾನು ಹೋಗುವುದೆಂದು ನಾವಿಬ್ಬರೂ ಕೂತು ತೀರ್ಮಾನಿಸಿದ್ದು. ಯಾರನ್ನೂ ದೂರುವುದಿಲ್ಲ. ಆದರೆ ಎದೆಗೆ ಇದೆಲ್ಲ ಗೊತ್ತಾಗುವುದಿಲ್ಲ. ಅವಳಿಗೆ ಹಸಿವಾಗುವ ಹೊತ್ತಿಗೆ ಸರಿಯಾಗಿ, ಸ್ಟಿಯರಿಂಗ್ ಹಿಡಿದಿರುವಾಗಲೇ ನನ್ನ ಅಂಗಿ ಒದ್ದೆಯಾಗುತ್ತದೆ. ಇಷ್ಟು ದೂರದಿಂದ ಅವಳಿಗೆ ನಾನು ಕೊಡಬಹುದಾದದ್ದು ಇದೊಂದೇ. ಇದೂ ನಿಂತರೆ, ನಾನು ತಿರುಗಿ ಬರುವಷ್ಟರಲ್ಲಿ ಅವಳಿಗೆ ಯಾರೋ ಒಬ್ಬಳು ಹೆಂಗಸಾಗಿರುತ್ತೇನೆ.

ಫ್ರಿಜ್ಜೂ ರಾತ್ರಿಯೆಲ್ಲ ಓಡಬೇಕು, ಜೀಪೂ ಬೆಳಿಗ್ಗೆ ಎದ್ದೇಳಬೇಕು. ಏನಾದರೂ ದಾರಿ ಹುಡುಕು.

ನಿನ್ನ ಸಾರಥಿ


ಮನೆ
ಅಕ್ಟೋಬರ್ ೧೫

ಸಾರಥಿಗೆ,

ನೀನು ಕೆಟ್ಟುಹೋಗಿರುವುದು ಅಮ್ಮನಿಗೆ ಮೊದಲಿನಿಂದಲೂ ಗೊತ್ತು. “ಒಳಗೆ ಏಕವಚನ, ಹೊರಗೆ ಬಹುವಚನ, ನನಗೇನು ಕಿವಿ ಕೇಳಿಸಲ್ವಾ” ಅಂದಳು. ಆದ್ದರಿಂದ ಧಾರಾಳವಾಗಿ ಬರೆ.

ದಾರಿ ಇದೆ. ಇನ್ನೊಂದು ಬ್ಯಾಟರಿ ಇಡಬೇಕು. ಜೀಪಿನಲ್ಲಿ ಈಗಿರುವುದು ಒದೆಯುವ ಬ್ಯಾಟರಿ. ಎಂಜಿನ್ನಿಗೆ ಬೆಳಿಗ್ಗೆ ಒಂದು ಒದೆ ಕೊಟ್ಟು ಎಬ್ಬಿಸುವುದಷ್ಟೇ ಅದರ ಕೆಲಸ. ರಾತ್ರಿಯೆಲ್ಲ ಕೂತು ಉಣಿಸು ಎಂದರೆ ಸತ್ತೇಹೋಗುತ್ತದೆ. ನಾನು ಕಳಿಸುತ್ತಿರುವುದು ಉಣಿಸುವ ಬ್ಯಾಟರಿ. ನಿಧಾನದ್ದು, ತಾಳ್ಮೆಯದ್ದು. ಫ್ರಿಜ್ಜನ್ನು ಇದಕ್ಕೇ ಕಟ್ಟು. ಎರಡರ ನಡುವೆ ಬರುವ ಕರಿಯ ಡಬ್ಬಿ ರಿಲೇ, ಅದೊಂದು ಬಾಗಿಲು ಅಂತಿಟ್ಟುಕೋ. ಎಂಜಿನ್ ಓಡುವಾಗ ಬಾಗಿಲು ತೆರೆದಿರುತ್ತದೆ, ಎರಡೂ ಬ್ಯಾಟರಿ ಒಟ್ಟಿಗೆ ತುಂಬಿಕೊಳ್ಳುತ್ತವೆ. ಎಂಜಿನ್ ನಿಂತಿತೋ, ಬಾಗಿಲು ಮುಚ್ಚಿತು. ಆಮೇಲೆ ಫ್ರಿಜ್ಜು ಎಷ್ಟೇ ಕುಡಿದರೂ ತನ್ನ ಪಾಲಿನದನ್ನೇ ಕುಡಿಯಬೇಕು. ಜೀಪಿನ ಪಾಲು ಜೀಪಿಗೆ.

ಹೊಸ ಬ್ಯಾಟರಿಯನ್ನು ಅಲುಗಾಡದ ಹಾಗೆ ಪಟ್ಟಿ ಹಾಕಿ ಬಿಗಿ. ಎರಡೂ ಬ್ಯಾಟರಿಯ ಹತ್ತಿರವೇ ಒಂದೊಂದು ಫ್ಯೂಸ್ ಕೂರಿಸು. ಅರ್ಥ್ ತಂತಿ ಹಚ್ಚುವ ಕಡೆ ಬಣ್ಣವನ್ನು ಕೆರೆದುಬಿಡು, ಬರಿಯ ಲೋಹ ಹೊಳೆಯಬೇಕು. ಯಾವ ತಂತಿ ಎಲ್ಲಿಗೆ ಅಂತ ನಿನಗೆ ಹೇಳಬೇಕಾಗಿಲ್ಲ, ಮುಟ್ಟಿದರೆ ಗೊತ್ತಾಗುತ್ತದೆ. ಪಾರ್ಸೆಲ್ ಕಟ್ಟಿದ್ದು ಅಮ್ಮ. ನಾನು ಕಟ್ಟಿದರೆ ಸಾಮಾನೆಲ್ಲ ದಾರಿಯಲ್ಲೇ ಚೆಲ್ಲಾಪಿಲ್ಲಿಯಾಗುತ್ತದಂತೆ.

ಫ್ಯೂಸ್ ಈಗ ಮಗುಚಿಕೊಳ್ಳುತ್ತಾಳೆ. ಮಗುಚಿಕೊಂಡ ಮೇಲೆ ವಾಪಸು ಬರಲು ಗೊತ್ತಿಲ್ಲ, ಅದಕ್ಕೆ ನಮ್ಮ ಮೇಲೆ ಸಿಟ್ಟು. ಅಂಗಡಿಯಲ್ಲಿ ನಾನು ರಿಪೇರಿಗೆ ಬಂದ ಗಾಡಿಗಳ ಹಾರ್ನ್ ಪರೀಕ್ಷೆ ಮಾಡಿದಾಗಲೆಲ್ಲ ಬಾಗಿಲ ಕಡೆ ತಿರುಗಿ ನೋಡುತ್ತಾಳೆ.

ನಿನ್ನ ಪೆಟ್ಟಿಗೆ ಬಂತು.

ಗಂಟಪ್ಪ


ಬಿಡಾರ
ಅಕ್ಟೋಬರ್ ೩೦

ಗಂಟಪ್ಪ,

ಫ್ಯೂಸ್ ಹೋಯಿತು. ನಮ್ಮದಲ್ಲ, ಬ್ಯಾಟರಿಯದು.

ತಪ್ಪು ಯಾರದೆಂದು ನನಗಿನ್ನೂ ಗೊತ್ತಾಗಿಲ್ಲ. ಬೈಯುವುದಾದರೆ ಆಮೇಲೆ ಬೈ, ಮೊದಲು ಕೇಳು. ನಿನ್ನ ಕೈಯಿಂದ ಬಂದ ಯಾವ ತಂತಿಯಾದರೂ ತುದಿಯಲ್ಲಿ ಬಿಳಿ ದಾರದ ಗಂಟಿರುತ್ತದೆ. ಒಂದು ಗಂಟು ಪ್ಲಸ್ಸು, ಎರಡು ಗಂಟು ಅರ್ಥು, ಮೂರು ಗಂಟು ಕೀಲಿಗೆ ಹೋಗುವುದು. ಕೆಂಪೂ ಕಪ್ಪೂ ನಿನ್ನ ಕಣ್ಣಿಗೆ ಒಂದೇ ಅಂತಲ್ಲವೇ ನಿನಗೆ ಈ ಹೆಸರು ಬಿದ್ದದ್ದು. ಆದರೆ ಈ ಪಾರ್ಸೆಲ್ ಬಿಚ್ಚಿದರೆ ಒಂದೂ ಗಂಟಿಲ್ಲ! ಕರಿಯ ಡಬ್ಬಿಗೆ ನೀನು ಮೊದಲೇ ಜೋಡಿಸಿದ್ದ ತಂತಿಗಳು ಅಚ್ಚುಕಟ್ಟಾಗಿ ಸುತ್ತಿ ಕೂತಿದ್ದವು, ತುದಿಗಳು ತೊಳೆದಿಟ್ಟ ಹಾಗೆ. ಕೆಲವು ಕೆಂಪು, ಕೆಲವು ಕಪ್ಪು.

ನಾನು ಏನಂದುಕೊಂಡೆ ಗೊತ್ತೇ? ನನಗೋಸ್ಕರ ಯಾರನ್ನೋ ಜೊತೆಗೆ ಕರೆದುಕೊಂಡು ಹೋಗಿ, ಬಣ್ಣ ಕೇಳಿ ಕೇಳಿ ತಂದಿದ್ದಾನೆ ಅಂದುಕೊಂಡೆ. ಒಬ್ಬಳೇ ಇದ್ದಾಳೆ, ಗಂಟು ಎಣಿಸುವ ತೊಂದರೆ ಅವಳಿಗೆ ಬೇಡ ಅಂತ. ಆ ಕೆಂಪು ತಂತಿ ಹಿಡಿದು ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ. ನಗಬೇಡ. ಮದುವೆಯಾದಾಗಿನಿಂದ ನೀನು ನನಗೆ ಬಣ್ಣ ನೋಡಿ ಏನನ್ನೂ ತಂದುಕೊಟ್ಟಿರಲಿಲ್ಲ.

ಕೆಂಪನ್ನು ಪ್ಲಸ್ಸಿಗೆ ಹಚ್ಚಿದೆ. ಫಟ್ ಅಂತ ಎರಡೂ ಫ್ಯೂಸ್ ಒಂದೇ ಏಟಿಗೆ ಹೋದವು.

ಸಾಹೇಬರು ನೋಡಿದರು. ಬೈಯಲಿಲ್ಲ, ಅದೇ ಕಷ್ಟ. “ಬೇರೆ ಫ್ಯೂಸ್ ತರಿಸ್ಕೊಳ್ಳಮ್ಮ. ಇನ್ನೊಂದ್ಸಲ ನೋಡೋಣ. ಆಗ್ಲೂ ಆಗ್ಲಿಲ್ಲ ಅಂದ್ರೆ ಆ ಖಾನೇನೂ ನೀರಿನ ಶೀಷೆಗೇ ಬೇಕು” ಅಂದರು.

ಈ ಸಲ ಪೆಟ್ಟಿಗೆ ಇಲ್ಲ. ಇದ್ದದ್ದನ್ನೆಲ್ಲ ಡೇರೆಯ ಹಿಂದೆ ಚೆಲ್ಲಿದೆ. ಒಣ ನೆಲ, ಚೆಲ್ಲಿದ ಗುರುತೂ ಉಳಿಯಲಿಲ್ಲ. ಹಾಲೂ ಮೊದಲಿನಷ್ಟಿಲ್ಲ. ಅವಳ ಜುಬ್ಬ ಒಂದನ್ನು ತಂದಿದ್ದೆನಲ್ಲ, ಅದನ್ನು ಮೂಗಿಗೆ ಹಿಡಿದುಕೊಂಡರೆ ಬರುತ್ತದೆ. ಅದರಲ್ಲೀಗ ನನ್ನ ಡೀಸೆಲ್ ವಾಸನೆಯೇ ಜಾಸ್ತಿ.

ಮೊದಲ ಪೆಟ್ಟಿಗೆಯ ಹಾಲು ಕುಡಿದಳಾ? ನೀನು ಬರೆಯಲೇ ಇಲ್ಲ.

ಸಾರಥಿ


ಮನೆ
ನವೆಂಬರ್ ೧೨

ಸಾರಥಿ,

ದೊಡ್ಡಣ್ಣ ಲಾರಿ ನಿಲ್ಲಿಸಿದವನೇ ನಿನ್ನ ಕಾಗದ ಕೊಡುವುದಕ್ಕೂ ಮೊದಲು ಅಂಗಡಿಯ ಬಾಗಿಲಲ್ಲಿ ನಿಂತು, “ಅಯ್ಯೋ, ಫ್ಯೂಸ್ ಹೋಯ್ತು ಅಂತ ನಿಮ್ಮನೆಯವ್ರು ಒಂದೇ ಸಮ ಅಳ್ತಿದ್ರು” ಅಂದ. ಅಮ್ಮ ಒಳಗಿದ್ದವಳು ಅಷ್ಟೇ ಕೇಳಿಸಿಕೊಂಡು, ಮಲಗಿದ್ದ ಮಗುವನ್ನು ಬಾಚಿ ಎತ್ತಿಕೊಂಡು, “ಇಲ್ಲೇ ಇದೆಯಲ್ಲೋ, ಉಸಿರಾಡ್ತಾ ಇದೆಯಲ್ಲೋ!” ಎಂದು ಕೂಗಿದಳು. ನಿದ್ದೆ ಕೆಟ್ಟ ಮಗು ಕಿರುಚಿತು. ಅವರಿಬ್ಬರ ಗಲಾಟೆಗೆ ಪಕ್ಕದ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ. ನನಗಂತೂ ಜೀವ ಬಾಯಿಗೆ ಬಂದಿತ್ತು. ಈ ಹೆಸರು ಇಟ್ಟ ಬಾಯಿಗೆ ನಾನೇ ಎರಡು ಹೊಡೆದುಕೊಳ್ಳಬೇಕು.

ಆಮೇಲೆ ಕಾಗದವನ್ನು ಮನಸ್ಸಿನಲ್ಲೇ ಓದಿಕೊಂಡೆ. ಗಂಟು ಇಲ್ಲ ಅಂದಿದ್ದೀಯಲ್ಲ, ಅಲ್ಲಿಗೆ ಬಂದು ನಿಲ್ಲಿಸಿ ಅಮ್ಮನ ಮುಖ ನೋಡಿದೆ. ಅವಳು ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು.

“ದಾರ ಸಿಕ್ಕಾಕ್ಕೊಂಡಿತ್ತಪ್ಪ. ಪಾಪ, ಅವಳು ಅಲ್ಲಿ ಬಿಸಿಲಲ್ಲಿ ಕೂತು ಬಿಡಿಸ್ಬೇಕಲ್ಲ ಅಂತ ಒಂದೊಂದಾಗಿ ಬಿಚ್ಚಿದೆ. ಎಷ್ಟು ಹೊತ್ತು ಹಿಡೀತು ಗೊತ್ತಾ? ಉಗುರೇ ಕಿತ್ತುಬಂತು” ಅಂದಳು.

ನನ್ನ ಅಂಗಡಿಯ ಗಂಟುಗಳ ವಿಚಾರ ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ಕಣ್ಣಿನ ವಿಚಾರವನ್ನು ಅವಳಿಗೆ ನಾನು ಯಾವತ್ತೂ ಹೇಳಿಯೇ ಇಲ್ಲವಲ್ಲ. ತನ್ನಿಂದ ಬಂದದ್ದು ಅಂತ ಕೊರಗುತ್ತಾಳೆ ಎಂದು ಸುಮ್ಮನಿದ್ದೆ. ಈಗ ಹೇಳಿದೆ. ಮೊದಲು ಅತ್ತಳು. ಆಮೇಲೆ ನಿನ್ನ ಮೇಲೆ ರೇಗಿದಳು: “ಅವಳಿಗಾದ್ರೂ ಬುದ್ಧಿ ಬೇಡ್ವಾ, ನನ್ನ ಮಗ ಬಣ್ಣ ನೋಡಿ ತರ್ತಾನಾ?”

ಅವಳು ಹೇಳಿದ್ದು ಸರಿ. ಕೈಗೆ ಸಿಕ್ಕ ಕೆಂಪನ್ನೇ ನಾನು ಅರ್ಥಿಗೆ ಜೋಡಿಸಿದ್ದೆ. ಆದರೆ ನೀನು ಹಾಗೆ ಅಂದುಕೊಂಡು ಕೂತಿದ್ದೆ ಎಂದು ಓದಿದಾಗ, ನಿಜಕ್ಕೂ ಬಣ್ಣ ಕೇಳಿ ತರಬೇಕಾಗಿತ್ತು ಅನ್ನಿಸಿತು.

ಹಳೆಯ ತಂತಿ ಎಸೆದುಬಿಡು. ಡಬ್ಬಿ ಸಮೇತ ಬೇರೆಯದನ್ನೇ ಕಳಿಸಿದ್ದೇನೆ, ಫ್ಯೂಸ್ ಎರಡು ಹೆಚ್ಚಿಗೆ ಇಟ್ಟಿದ್ದೇನೆ. ಈ ಸಲ ಗಂಟು ಹಾಕಿದ್ದು ಅಮ್ಮ. ಬಿಚ್ಚಬೇಕಾದರೆ ಹಲ್ಲೇ ಬೇಕು.

ಮಗು ಚೆನ್ನಾಗಿದೆ. ಕೆಳಗೆ ಒಂದು ಹಲ್ಲು ಬಂದಿದೆ.

ಗಂಟಪ್ಪ


ಬಿಡಾರ
ನವೆಂಬರ್ ೨೭

ಗಂಟಪ್ಪ,

ಓಡಿತು!

ಬಣ್ಣ ಕೆರೆದೆ, ಪಟ್ಟಿ ಬಿಗಿದೆ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಗಂಟು ಎಣಿಸಿ ತಂತಿ ಹಚ್ಚಿದೆ. ಎಂಜಿನ್ ಶುರು ಮಾಡಿದಾಗ ಆ ಕರಿಯ ಡಬ್ಬಿ ಒಳಗಿಂದ ‘ಟಕ್’ ಎಂದಿತು. ಆರಿಸಿದಾಗ ಇನ್ನೊಂದು ‘ಟಕ್’. ನಿನ್ನ ಬಾಗಿಲು. ಅಡುಗೆಯವನಿಗೆ ಕೇಳಿಸಲೆಂದು ನಾಲ್ಕು ಸಲ ಮಾಡಿ ತೋರಿಸಿದೆ, “ಅದರಲ್ಲೇನಿದೆ” ಅಂದ ಗಂಟುಮುಖದವನು.

ಬೆಳಿಗ್ಗೆ ಎದ್ದು ಮೊದಲು ಕೀಲಿ ತಿರುಗಿಸಿದೆ. ಜೀಪು ಒಂದೇ ಏಟಿಗೆ ಎದ್ದಿತು. ಆಮೇಲೆ ಖಾನೆ ತೆಗೆದೆ. ಬಾಟಲಿ ಕಲ್ಲಿನ ಹಾಗಿತ್ತು. ಬೆರಳಲ್ಲಿ ತಟ್ಟಿದರೆ ಟಣ್ ಟಣ್ ಅನ್ನುತ್ತದೆ. ನನಗಂತೂ ಹಾಲು ಕುಡಿದಷ್ಟು ಸಂತೋಷ. ಸಾಹೇಬರು ದೂರದಿಂದ ನೋಡಿ ಹೆಬ್ಬೆರಳು ಎತ್ತಿದರು. ಅತ್ತೆಗೆ ಹೇಳು, ಅವರ ಗಂಟಿಗೆ ನನ್ನ ನಮಸ್ಕಾರ.

ಈಗ ಈ ಫ್ರಿಜ್ಜಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ, ನಿಲ್ಲುತ್ತದೆ, ಮತ್ತೆ ತಾನೇ ಶುರುವಾಗುತ್ತದೆ. ಮಗು ಪಕ್ಕದಲ್ಲಿ ಮಲಗಿದ್ದಾಗಲೂ ಹೀಗೇ, ಉಸಿರು ನಿಂತಿತೇನೋ ಅಂತ ಕಿವಿಗೊಟ್ಟು ಕಾಯುತ್ತಿದ್ದೆ.

ಪೆಟ್ಟಿಗೆ ತುಂಬ ಕಳಿಸಿದ್ದೇನೆ. ಒಂದೂ ಕರಗಿರಬಾರದು.

ಒಂದು ಮಾತು. ನಿನ್ನ ಎರಡು ಕಾಗದವನ್ನೂ ಮತ್ತೆ ಮತ್ತೆ ಓದಿದೆ. ಹಲ್ಲು ಬಂದದ್ದು ಬರೆದಿದ್ದೀಯ, ಮಗುಚಿದ್ದು ಬರೆದಿದ್ದೀಯ, ದರ್ಜಿಯ ಕತ್ತರಿಯನ್ನೂ ಬಿಟ್ಟಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ಅವಳು ನನ್ನ ಹಾಲು ಕುಡಿಯುತ್ತಿದ್ದಾಳಾ, ಇಲ್ಲವಾ? ಸುತ್ತಿ ಬಳಸಬೇಡ. ನಾನೇನೂ ಗಾಜಿನ ಬೊಂಬೆಯಲ್ಲ.

ಸಾರಥಿ


ಮನೆ
ಡಿಸೆಂಬರ್ ೯

ಸಾರಥಿ,

ಇಲ್ಲ.

ಮೊದಲ ಪೆಟ್ಟಿಗೆ ಬಂದಾಗ ವಾಸನೆ ನೋಡಿದೆ. ಅನುಮಾನ ಬಂತು. ನೀನು ಚೆಲ್ಲು ಅಂದಿದ್ದೆ, ನನಗೆ ಕೈ ಬರಲಿಲ್ಲ. ಅಷ್ಟು ದೂರದಿಂದ ಕಳಿಸಿದ್ದಾಳೆ, ಅನುಮಾನ ನನ್ನ ಮೂಗಿನದ್ದೇ ಇರಬಹುದು ಅಂದುಕೊಂಡು ಒಂದು ಬಾಟಲಿ ಬೆಚ್ಚಗೆ ಮಾಡಿ ಬಾಯಿಗಿಟ್ಟೆ. ಒಂದೇ ಗುಟುಕು. ಮುಖ ಸಿಂಡರಿಸಿ ಉಗಿದು, ಬಿಕ್ಕಿ ಬಿಕ್ಕಿ ಅತ್ತಳು. ಹೊಟ್ಟೆಗೆ ಏನೂ ಆಗಲಿಲ್ಲ, ಹೆದರಬೇಡ. ಆದರೆ ಆವತ್ತಿನಿಂದ ನಿನ್ನ ಬಾಟಲಿ ಕಂಡರೆ ತುಟಿ ಬಿಗಿಯುತ್ತಾಳೆ. ಅಮ್ಮ ಪುಡಿ ಹಾಲು ಕಲಸಿ ಚಮಚದಲ್ಲಿ ಕುಡಿಸುತ್ತಾಳೆ, ಅದನ್ನು ಗಟಗಟ ಕುಡಿಯುತ್ತಾಳೆ.

ಈ ಸಲದ ಹಾಲು ಒಂದೂ ಕರಗಿರಲಿಲ್ಲ, ಒಳ್ಳೆಯ ಹಾಲು, ನಾನೇ ನಾಲಿಗೆಗೆ ಹಾಕಿ ನೋಡಿದೆ. ನೀನು ಹೇಳಿದ ಹಾಗೇ ಬೆಚ್ಚಗೆ ಮಾಡಿ, ನೀನಿಟ್ಟ ಬಾಟಲಿಯಲ್ಲೇ ಕೊಟ್ಟೆ. ಬೆಳಿಗ್ಗೆ ಕೊಟ್ಟೆ, ಮಧ್ಯಾಹ್ನ ಕೊಟ್ಟೆ, ನಿದ್ದೆಗಣ್ಣಲ್ಲಿ ಕೊಟ್ಟೆ. ಮುಖ ತಿರುಗಿಸುತ್ತಾಳೆ. ಉಳಿದದ್ದೆಲ್ಲ ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಸಾಲಾಗಿ ಕೂತಿವೆ.

ಮೊದಲೇ ಬರೆಯಬೇಕಿತ್ತು. ಅಲ್ಲಿ ಒಬ್ಬಳೇ ತಂತಿ ಹಿಡಿದು ಒದ್ದಾಡುತ್ತಿದ್ದೀಯ, ಯಾವ ಬಾಯಿಂದ ಹೇಳಲಿ? ನಿಲ್ಲಿಸು ಅಂತ ಹೇಳಲು ಮನಸ್ಸಿಲ್ಲ, ಮುಂದುವರಿಸು ಅನ್ನಲು ಧೈರ್ಯವಿಲ್ಲ.

ಗಂಟಪ್ಪ


ಬಿಡಾರ
ಡಿಸೆಂಬರ್ ೧೧

ಕಾಗದ ನಿನ್ನೆ ಸಂಜೆ ಸಿಕ್ಕಿತು. ಲಾರಿ ಈಗ ಹೊರಡುತ್ತಿದೆ.

ಪೆಟ್ಟಿಗೆಯಲ್ಲಿರುವುದು ಇಲ್ಲಿಯವರೆಗೆ ಇದ್ದದ್ದು. ಚೆಲ್ಲುವುದನ್ನು ನೀನೇ ಮಾಡು. ನಾನು ಒಂದು ಸಲ ಮಾಡಿದ್ದೇನೆ, ಇನ್ನೊಂದು ಸಲ ಆಗುವುದಿಲ್ಲ.

ಇನ್ನು ಕಳಿಸುವುದಿಲ್ಲ. ಎದೆಗೆ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದೇನೆ. ಕೆಲವು ದಿನ ನೋಯುತ್ತದಂತೆ. ಹೊಟ್ಟೆ ತುಂಬಿಸಿದ್ದಕ್ಕೆ ಅತ್ತೆಗೆ ಋಣಿ ಅಂತ ಹೇಳು. ಇದನ್ನು ನಿಜವಾಗಿಯೂ ಹೇಳುತ್ತಿದ್ದೇನೆ.

ನಾನು


ಮನೆ
ಜನವರಿ ೬

ಸಾರಥಿ,

ಕಳೆದ ಸಲ ದೊಡ್ಡಣ್ಣ ಬರಿಗೈಯಲ್ಲಿ ಬಂದ. ಪೆಟ್ಟಿಗೆ ಇಲ್ಲ ಅಂತ ಗೊತ್ತಿತ್ತು, ಕಾಗದವೂ ಇರಲಿಲ್ಲ. “ಮಾತೇ ಆಡ್ಲಿಲ್ಲ ಕಣಣ್ಣ, ಜೀಪಿನ ಕೆಳಗೆ ಮಲಗಿ ಏನೋ ಬಿಗೀತಿದ್ರು” ಅಂದ. ಅವನು ವಾಪಸು ಹೊರಡುವಾಗ ನಾನೂ ಏನೂ ಕೊಡಲಿಲ್ಲ. ಏನು ಬರೆಯಲಿ ಅಂತ ಗೊತ್ತಾಗಲಿಲ್ಲ. ಲಾರಿ ಹೋದ ಮಾರನೆಯ ದಿನವೇ ಬರೆಯಬೇಕಾದ್ದು ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಲಾರಿ ಕಾದು ಕಾದು ನನ್ನ ತಲೆ ಕೆಟ್ಟಿದೆ.

ನಾನು ಅಂಗಡಿಯಲ್ಲಿದ್ದೆ. ಮನೆಯಲ್ಲಿ ಹಾಲಿನ ಪುಡಿ ಮುಗಿದಿತ್ತು. ಮಗು ಹಸಿದು ಮನೆಯನ್ನೇ ತಲೆಯ ಮೇಲೆ ಹೊತ್ತಿತ್ತು. ಅಮ್ಮ ಬೇರೆ ದಾರಿ ಕಾಣದೆ ನಿನ್ನ ಒಂದು ಬಾಟಲಿ ತೆಗೆದು, ಬೆಚ್ಚಗೆ ಮಾಡಿ, ಎಂದಿನ ಅಭ್ಯಾಸದಂತೆ ಬಟ್ಟಲಿಗೆ ಬಗ್ಗಿಸಿ ಚಮಚದಲ್ಲಿ ಕೊಟ್ಟಿದ್ದಾಳೆ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಟ್ಟಲು ಖಾಲಿ. ಮಗು ಚಮಚ ಕಚ್ಚಿಕೊಂಡು ಬಿಡುತ್ತಿರಲಿಲ್ಲ. ಅಮ್ಮ ನನ್ನನ್ನು ಒಂದು ಥರ ನೋಡಿದಳು.

“ಲೋ ಪೆದ್ದೇ, ಮಗು ಹಾಲು ಬೇಡ ಅಂದಿದ್ದಲ್ಲ ಕಣೋ. ಆ ರಬ್ಬರ್ ಮೂತಿ ಬೇಡ ಅಂದಿದ್ದು!”

ನಾನು ಅಲ್ಲೇ ತಲೆಯ ಮೇಲೆ ಕೈಹೊತ್ತು ಕೂತೆ. ಪುಡಿ ಹಾಲು ಚಮಚದಲ್ಲಿ, ನಿನ್ನ ಹಾಲು ಬಾಟಲಿಯಲ್ಲಿ. ಒಂದು ಸಲವಾದರೂ ಅದಲುಬದಲು ಮಾಡಿ ನೋಡಬಾರದೇ? ಯಾರಾದರೂ ಗಾಡಿ ತಂದರೆ ಮೊದಲು ಬಲ್ಬ್ ಕೆಟ್ಟಿದೆಯೋ ಹೋಲ್ಡರ್ ಕೆಟ್ಟಿದೆಯೋ ಅಂತ ಬದಲಿಸಿ ನೋಡುವವನು ನಾನು. ಮನೆಯ ವಿಷಯಕ್ಕೆ ಆ ಬುದ್ಧಿ ಎಲ್ಲಿ ಹೋಗಿತ್ತೋ. ನೀನು ಬಾಟಲಿಯಲ್ಲಿ ಅಂದಿದ್ದೆ, ನಾನು ಬಾಟಲಿಯಲ್ಲೇ ಕೊಡುತ್ತಾ ಹೋದೆ.

ಆವತ್ತಿನಿಂದ ದಿನವೂ ಕುಡಿಯುತ್ತಿದ್ದಾಳೆ. ನೀನು ಕೊನೆಗೆ ಕಳಿಸಿ ಚೆಲ್ಲು ಅಂದಿದ್ದನ್ನೂ ಸೇರಿಸಿ. ನಿನ್ನ ಮಾತು ಮೀರಿ ಚೆಲ್ಲದೆ ಇಟ್ಟದ್ದೇ ಒಳ್ಳೆಯದಾಯಿತು. ಸಾಲು ಕರಗುತ್ತಾ ಬಂದಿದೆ. ನಿನಗೆ ಇನ್ನೂ ಬರುತ್ತಿದ್ದರೆ ಕಳಿಸು. ಬರದಿದ್ದರೆ, ಅದನ್ನು ಕೇಳಿದ್ದೇ ತಪ್ಪಾಯಿತು ಅಂದುಕೋ.

ಒಂದು ಬಾಟಲಿಯನ್ನು ಹಿಂದಕ್ಕೆ ಸರಿಸಿ, ಕುತ್ತಿಗೆಗೆ ದಾರ ಕಟ್ಟಿ ಎರಡು ಗಂಟು ಹಾಕಿದ್ದೇನೆ. ಅದನ್ನು ಅಮ್ಮನೂ ಮುಟ್ಟುವಂತಿಲ್ಲ. ಅದು ನೀನು ಬಂದು ಕುಡಿಸುವುದಕ್ಕೆ. ಇಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದೆ. ಅದಕ್ಕೇ ಮನೆಯ ಫ್ರಿಜ್ಜಿಗೂ ಅಂಗಡಿಯ ಒಂದು ಉಣಿಸುವ ಬ್ಯಾಟರಿ ಕಟ್ಟಿದ್ದೇನೆ. ಒಂದು ಬಾಟಲಿಗೆ ಇಷ್ಟೆಲ್ಲವಾ ಅಂತ ದರ್ಜಿ ನಗುತ್ತಾನೆ. ನಗಲಿ, ಅವನ ಗಂಟೇನು ಹೋಗುತ್ತದೆ.

ಬೇಗ ಬಾ. ಬರೆಯುವುದಕ್ಕೆ ಬೇರೇನೂ ಇಲ್ಲ.

ನಿನ್ನ ಗಂಟಪ್ಪ


ಬಿಡಾರ
ಜನವರಿ ೨೨

ಗಂಟಪ್ಪ,

ನಿನ್ನ ಕಾಗದ ಓದಿ ಜೀಪಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಜುಬ್ಬ ಮೂಗಿಗೆ ಹಿಡಿದುಕೊಂಡೆ, ಅವಳ ಅಳು ನೆನಪಿಸಿಕೊಂಡೆ, ಎಲ್ಲ ಮಾಡಿದೆ. ಒಂದೆರಡು ಹನಿ ಬಂದವು. ಮಾರನೆಯ ದಿನ ಅದೂ ಇಲ್ಲ. ಬತ್ತಿಹೋಗಿದೆ. ನೀನು ಕೇಳಿದ್ದು ತಪ್ಪೇನಲ್ಲ. ಯಾರೂ ಕೇಳದೆ ಇದ್ದಿದ್ದರೆ ಇನ್ನೂ ಸಂಕಟವಾಗುತ್ತಿತ್ತು.

ಕುಡಿದಳಲ್ಲ. ಚಮಚ ಕಚ್ಚಿ ಬಿಡಲಿಲ್ಲ ಅಂತ ಬರೆದಿದ್ದೀಯಲ್ಲ, ಆ ಸಾಲು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅತ್ತೆಗೆ ಹೇಳು, ಅವರು ನನ್ನ ಗಂಟು ಬಿಚ್ಚಿದ್ದಕ್ಕೂ ಇದಕ್ಕೂ ಸರಿಹೋಯಿತು. ನಾನೇ ಅವರಿಗೆ ಬಾಕಿ.

ಸಾಹೇಬರು ನಿನ್ನೆ ಫ್ರಿಜ್ಜಿನ ಖಾನೆ ತೆಗೆದು ನೋಡಿ, “ಏನೂ ಇಲ್ವಲ್ಲಮ್ಮ ಇದರಲ್ಲಿ? ರಾತ್ರಿಯೆಲ್ಲ ಯಾಕೆ ಓಡ್ತಾ ಇದೆ?” ಅಂದರು. “ಅಭ್ಯಾಸ ಸಾರ್” ಅಂದೆ. ಮುಚ್ಚಳ ಮುಚ್ಚಿದರು. ಆರಿಸಿ ಅನ್ನಲಿಲ್ಲ.

ಇಲ್ಲ, ಆ ಬಾಟಲಿ ನನಗೆಂದು ಇಡಬೇಡ. ಹಾಲು ಇರುವುದು ಹಸಿದವರಿಗೆ, ನನ್ನ ಆಸೆಗಲ್ಲ. ಅವಳಿಗೆ ಬೇಕೆನಿಸಿದಾಗ ಅತ್ತೆ ಕೊಡಲಿ. ನಾನು ಬರಿಗೈಯಲ್ಲೇ ಬರುತ್ತೇನೆ. ಯಾರೋ ಒಬ್ಬಳು ಹೆಂಗಸಾಗಿಯೇ ಬರುತ್ತೇನೆ. ನನ್ನನ್ನು ಕಂಡು ಅತ್ತರೆ ಅಳಲಿ. ‘ಅಮ್ಮ ಬಂದ್ಳು ನೋಡು’ ಅಂತ ಅವಳನ್ನು ನನ್ನ ಕಡೆ ತಳ್ಳಬೇಡಿ. ಅಂಗಡಿಯ ಮುಂದೆ ಬಂದು ಹಾರ್ನ್ ಹೊಡೆಯುತ್ತೇನೆ. ಈಗಲೂ ಬಾಗಿಲ ಕಡೆ ತಿರುಗುತ್ತಾಳಾ ಅಂತ ದೂರದಿಂದ ನೋಡುತ್ತೇನೆ. ಅಷ್ಟು ಸಾಕು.

ಡೇರೆಗಳನ್ನು ಬಿಚ್ಚುತ್ತಿದ್ದಾರೆ. ನಾಳಿದ್ದು ಹೊರಡುತ್ತೇವೆ. ದೊಡ್ಡಣ್ಣ ನನಗಿಂತ ಮುಂಚೆ ಊರು ಸೇರುತ್ತಾನೆ, ಅದಕ್ಕೇ ಇದನ್ನು ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಸಾರಥಿ

ಕಾಗದ ಮಡಚಿ ದೊಡ್ಡಣ್ಣನ ಜೇಬಿಗೆ ಹಾಕಿಯಾಗಿತ್ತು. ಲಾರಿ ಹೊರಟ ಮೇಲೆ ಹಿಂದೆ ಓಡಿ, ನಿಲ್ಲಿಸಿ, ವಾಪಸು ತೆಗೆದುಕೊಂಡು ಬಾನೆಟ್ಟಿನ ಮೇಲಿಟ್ಟು ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ಸುಳ್ಳು. ಆ ಎರಡು ಗಂಟಿನ ಬಾಟಲಿ ಯಾರಿಗೂ ಕೊಡಬೇಡ, ಅತ್ತೆ ಕೇಳಿದರೂ ಕೊಡಬೇಡ. ಬ್ಯಾಟರಿ ಇಳಿಯದ ಹಾಗೆ ನೋಡಿಕೋ. ಚಮಚ ತೊಳೆದಿಡು.